ಉಳಿದ ವಿಷಯ ಸಮಕ್ಷಮದಲ್ಲಿ



ನಾನು ಮೇಷ್ಟರ ಕೆಲಸಕ್ಕೆ ಸೇರಿದ ಕಾಲದಲ್ಲಿ ಅಂಚೆ ಕಾರ್ಡು ಬರೆಯುವುದಕ್ಕೆ ಒಂದು ಸಿದ್ಧ ಮಾದರಿಯಿತ್ತು. ಮೇಲ್ಗಡೆ ‘ಕ್ಷೇಮ’ ಎಂದು ಬರೆದು, ಪಕ್ಕದಲ್ಲಿ ಊರು, ತಾರೀಖು ಹಾಕಿ, ‘ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರಬೇಕು’ ಎಂದು ಆರಂಭಿಸಿ, ಮಳೆ ಬೆಳೆ, ದನಕರು, ಮಕ್ಕಳ ಪರೀಕ್ಷೆ ಇವನ್ನೆಲ್ಲ ಐದಾರು ಸಾಲುಗಳಲ್ಲಿ ಮುಗಿಸಿ, ಕೊನೆಗೆ ‘ಉಳಿದ ವಿಷಯ ಸಮಕ್ಷಮದಲ್ಲಿ’ ಎಂದು ಬರೆದು ರುಜು ಹಾಕುವುದು ವಾಡಿಕೆ. ಆ ಕೊನೆಯ ಸಾಲನ್ನು ಆಗ ನಾನು ಬರಿಯ ಶಿಷ್ಟಾಚಾರವೆಂದು ತಿಳಿದಿದ್ದೆ. ಈಗ ಯೋಚಿಸಿದರೆ, ಇಡೀ ಕಾರ್ಡಿನಲ್ಲಿ ಅತ್ಯಂತ ವಿವೇಕದ ಸಾಲು ಅದೇ ಎಂದು ತೋರುತ್ತದೆ. ಕಾರ್ಡು ತೆರೆದ ಕಾಗದ. ಅದನ್ನು ಅಂಚೆಯಣ್ಣ ಓದಬಹುದು, ಅಂಗಡಿಯ ಜಗಲಿಯಲ್ಲಿ ಕುಳಿತವರು ಓದಬಹುದು, ತಂದುಕೊಡುವ ಪಕ್ಕದ ಮನೆಯ ಹುಡುಗ ಓದಬಹುದು. ಇದು ಬರೆಯುವವರಿಗೆ ಚೆನ್ನಾಗಿ ಗೊತ್ತಿತ್ತು. ಆದುದರಿಂದ ಸಾಲದ ಮಾತು, ಸಂಬಂಧದ ಮಾತು, ಕಾಯಿಲೆಯ ಮಾತು ಇವೆಲ್ಲ ಮುಖಾಮುಖಿ ಭೇಟಿಗೆ ಉಳಿಯುತ್ತಿದ್ದವು.

ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು, ಆ ದಿನಗಳಲ್ಲಿ ಶಾಲೆಯ ಮೇಷ್ಟರೆಂದರೆ ಊರಿನ ಕಾಗದ ಓದುವವರೂ ಹೌದು, ಬರೆಯುವವರೂ ಹೌದು. ಅಕ್ಷರ ಬಾರದ ತಾಯಂದಿರು ಸೆರಗಿನಲ್ಲಿ ಕಾಗದವನ್ನು ಮುಚ್ಚಿಟ್ಟುಕೊಂಡು ಸಂಜೆ ಶಾಲೆ ಬಿಟ್ಟ ಮೇಲೆ ಬರುತ್ತಿದ್ದರು. ಓದಿ ಹೇಳಿದ ಮೇಲೆ ಕಾಗದವನ್ನು ಮಡಿಸಿ ಅವರ ಕೈಗೆ ಕೊಟ್ಟರೆ ಅದರೊಳಗಿನ ಸಂಗತಿಯನ್ನು ಅಲ್ಲಿಗೇ ಮರೆಯಬೇಕೆಂಬುದು ಯಾರೂ ಬರೆದಿಡದ ನಿಯಮ. ಮೂರು ದಶಕಗಳಿಗೂ ಹೆಚ್ಚು ಕಾಲ ಆ ನಿಯಮವನ್ನು ನಾನು ಮುರಿಯಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಅಂಥ ನಾನು ನಿವೃತ್ತನಾದ ಮೇಲೆ ಒಂದು ಸಂಜೆ ಅದನ್ನು ಮುರಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಜೀವನದ ಒಂದು ಕಷ್ಟವನ್ನು ನನ್ನಲ್ಲಿ ಹೇಳಿಕೊಂಡಿದ್ದರು. ಅವರಿಗೆ ಸಮಾಧಾನದ ನಾಲ್ಕು ಮಾತು ಬರೆಯೋಣವೆಂದು ಒಂದು ಸಾಮಾಜಿಕ ಜಾಲತಾಣದಲ್ಲಿ ಅವರ ಹೆಸರಿನ ಕೆಳಗಿದ್ದ ಖಾಲಿ ಚೌಕದಲ್ಲಿ ಬರೆದೆ. ಅದು ಅವರಿಗೊಬ್ಬರಿಗೇ ಹೋಗುವ ಪತ್ರವೆಂದು ನನ್ನ ನಂಬಿಕೆ. ಆದರೆ ಆ ಚೌಕ ಅವರ ಎಲ್ಲ ಪರಿಚಿತರಿಗೂ ಕಾಣುವ ಜಾಗವಾಗಿತ್ತು. ರಾತ್ರಿ ಊಟದ ಹೊತ್ತಿಗೆ ಅವರ ಬಂಧುಗಳೆಲ್ಲ ಅದನ್ನು ಓದಿದ್ದರು. ಕಷ್ಟವೇನೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಸೊತ್ತಲ್ಲ. ಆ ಜಾಲತಾಣದ ಹೆಸರೂ ಬೇಡ. ‘ಬಿಡಿ ಸಾರ್, ನಿಮಗೆ ಗೊತ್ತಿರಲಿಲ್ಲ’ ಎಂದು ಅವರು ದೊಡ್ಡ ಮನಸ್ಸಿನಿಂದ ಹೇಳಿದರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಗೊತ್ತಿರಲಿಲ್ಲ, ನಿಜ. ಆದರೆ ಅಕ್ಷರ ಕಲಿಸಿಯೇ ಬದುಕಿದ ಒಬ್ಬ ಮನುಷ್ಯನಿಗೆ, ತಾನು ಬರೆಯುತ್ತಿರುವುದು ಕಾರ್ಡೋ ಲಕೋಟೆಯೋ ಎಂಬುದು ಏಕೆ ಗೊತ್ತಾಗಲಿಲ್ಲ? ಈ ಪ್ರಶ್ನೆಯನ್ನು ಬೆನ್ನುಹತ್ತಿ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ನಮ್ಮ ನಾಡಿನಿಂದಲೇ ಆರಂಭಿಸೋಣ. ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ. ‘ಹಂಸ’ ಪದದ ತದ್ಭವ. ನಳ ದಮಯಂತಿಯರ ನಡುವೆ ಸುದ್ದಿ ಒಯ್ದದ್ದು ಹಂಸವೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಸಂದೇಶ ಸಾಗಿಸುವ ವ್ಯವಸ್ಥೆ ಎಂಬ ಅರ್ಥದಲ್ಲಿ ‘ಅಂಚೆ’ ನಮ್ಮಲ್ಲಿ ನೆಲೆಯೂರಿದ್ದು ಮೈಸೂರು ಸಂಸ್ಥಾನದ ಚಿಕ್ಕದೇವರಾಜ ಒಡೆಯರ ಹೆಸರಿನೊಡನೆ. 1673ರಿಂದ 1704ರವರೆಗೆ ಆಳಿದ ಆ ಅರಸರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂಬುದು ಪ್ರಸಿದ್ಧ. ರಾಜ್ಯದ ಉದ್ದಗಲಕ್ಕೂ ಅಂಚೆಯ ವ್ಯವಸ್ಥೆ ಮಾಡಿದವರೂ ಅವರೇ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರುವವರೆಗೂ ಮೈಸೂರು ಅಂಚೆ ತನ್ನದೇ ಆದ ಅಸ್ತಿತ್ವವನ್ನು ಉಳಿಸಿಕೊಂಡಿತ್ತು.

ಆದರೆ ಶಾಲೆಯಲ್ಲಿ ನಾನು ನಿಮಗೆ ಹೇಳದಿದ್ದ ಇನ್ನೊಂದು ಮುಖ ಅದಕ್ಕಿದೆ. ಮೈಸೂರಿನ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದ ಮಾರ್ಕ್ ವಿಲ್ಕ್ಸ್, ಆ ಅಂಚೆ ಸುದ್ದಿಯನ್ನು ಸಾಗಿಸುವ ಸಾಧನ ಮಾತ್ರವಲ್ಲ, ಸುದ್ದಿಯನ್ನು ಸಂಗ್ರಹಿಸುವ ಸಾಧನವೂ ಆಗಿತ್ತೆಂದು ದಾಖಲಿಸಿದ್ದಾನೆ. ಅಂಚೆಯ ಮುಖ್ಯಸ್ಥರು ಅರಮನೆಯ ನಂಬಿಕಸ್ಥರು. ಅವರ ಕೈಕೆಳಗಿನವರು ಬೇಹುಗಾರರು. ತಾವಿದ್ದ ಸೀಮೆಯಲ್ಲಿ ಗುಟ್ಟಾಗಿ ಏನು ನಡೆಯುತ್ತಿದೆಯೆಂಬುದನ್ನು ಅವರು ಅರಸರಿಗೆ ನಿಯಮಿತವಾಗಿ ವರದಿ ಮಾಡಬೇಕಿತ್ತು. ಒಯ್ಯುವವನೇ ಓದುವವನೂ ಆಗಿದ್ದ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಮುನ್ನೂರು ವರ್ಷ ದಾಟಿ ನಾವು ಮತ್ತೆ ಇಲ್ಲಿಗೇ ಬಂದು ನಿಲ್ಲಲಿದ್ದೇವೆ.

ಇನ್ನು ಇಂಗ್ಲೆಂಡಿಗೆ ಹೋಗೋಣ. ನಮ್ಮ ಇಂದಿನ ಅಂಚೆಯ ಪದ್ಧತಿ ಬಂದದ್ದು ಅಲ್ಲಿಂದ. 1840ರಲ್ಲಿ ರೋಲೆಂಡ್ ಹಿಲ್ ಎಂಬವರ ಯೋಜನೆಯಂತೆ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಕಾಗದ ಕಳುಹಿಸುವ ಸೌಲಭ್ಯ ಬಂದಿತು. ಬಡವರೂ ಕಾಗದ ಬರೆಯುವಂತಾಯಿತು. ನಾಲ್ಕೇ ವರ್ಷಗಳಲ್ಲಿ ಒಂದು ದೊಡ್ಡ ಹಗರಣ ಹೊರಬಿತ್ತು. ಇಟಲಿಯ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತ ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಜೋಸೆಫ್ ಮ್ಯಾಝಿನಿಗೆ ತನ್ನ ಕಾಗದಗಳನ್ನು ಯಾರೋ ಬಿಚ್ಚಿ ನೋಡುತ್ತಿದ್ದಾರೆಂಬ ಸಂಶಯ ಬಂದಿತು. ಅವನೂ ಅವನ ಗೆಳೆಯರೂ ಲಕೋಟೆಗಳೊಳಗೆ ಗಸಗಸೆ ಕಾಳು, ಮರಳಿನ ಕಣ, ತಲೆಗೂದಲು ಇಟ್ಟು ಕಳುಹಿಸಿ ಪರೀಕ್ಷಿಸಿದರು. ಕಾಗದ ಬಂದು ತಲುಪಿದಾಗ ಒಳಗಿಟ್ಟ ವಸ್ತುಗಳು ಇರುತ್ತಿರಲಿಲ್ಲ. 1844ರ ಜೂನ್ ತಿಂಗಳಿನಲ್ಲಿ ವಿಷಯ ಪಾರ್ಲಿಮೆಂಟಿನ ಮುಂದೆ ಬಂದಿತು. ಗೃಹಮಂತ್ರಿ ಸರ್ ಜೇಮ್ಸ್ ಗ್ರಹಾಂ ಅವರ ಆಜ್ಞೆಯಂತೆ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಬಿಚ್ಚಲಾಗುತ್ತಿತ್ತೆಂಬುದು ಬಯಲಾಯಿತು.

ಇಂಗ್ಲೆಂಡಿನ ಜನ ಇದನ್ನು ಸಹಿಸಲಿಲ್ಲ. ಮಂತ್ರಿಯ ಹೆಸರೇ ಒಂದು ಕ್ರಿಯಾಪದವಾಯಿತು! ‘ಇದನ್ನು ಗ್ರಹಾಂ ಮಾಡಬೇಡಿ’ ಎಂದು ಲಕೋಟೆಯ ಮೇಲೆ ಬರೆದು ಕಳುಹಿಸತೊಡಗಿದರು. ಪ್ರಸಿದ್ಧ ಲೇಖಕ ಥಾಮಸ್ ಕಾರ್ಲೈಲ್ ಪತ್ರಿಕೆಗೆ ಪತ್ರ ಬರೆದು ಮ್ಯಾಝಿನಿಯ ಪರವಾಗಿ ನಿಂತ. ಕಾಗದಗಳನ್ನು ಬಿಚ್ಚುತ್ತಿದ್ದ ಗುಪ್ತ ಕಚೇರಿಯನ್ನು ಸರಕಾರ ಮುಚ್ಚಬೇಕಾಯಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಜನರಿಗೆ ಅಷ್ಟು ಕೋಪ ಬಂದದ್ದು ಏಕೆಂದರೆ ಅರಗಿನ ಮುದ್ರೆ ಎಂಬುದು ಒಂದು ಮಾತು ಕೊಟ್ಟಿತ್ತು. ಮುದ್ರೆ ಒಡೆದರೆ ಗುರುತು ಉಳಿಯುತ್ತದೆ. ಮೋಸವಾದರೆ ಅದನ್ನು ಕಂಡುಹಿಡಿಯುವುದಕ್ಕೆ ಒಂದು ಚಿಟಿಕೆ ಗಸಗಸೆ ಸಾಕಾಗಿತ್ತು.

ನಮ್ಮ ದೇಶದಲ್ಲಿ 1854ರ ಅಕ್ಟೋಬರ್ ಒಂದರಿಂದ ದೂರವೆಷ್ಟೇ ಇರಲಿ, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ ಎಂಬ ದರ ಜಾರಿಗೆ ಬಂದಿತು. ಅಂಚೆ ಕಾರ್ಡು ಹುಟ್ಟಿದ್ದು 1869ರಲ್ಲಿ, ಆಸ್ಟ್ರಿಯಾ-ಹಂಗೇರಿಯಲ್ಲಿ. ಮರುವರ್ಷ ಅದು ಇಂಗ್ಲೆಂಡಿಗೆ ಬಂದಾಗ, ಮನೆಯ ಆಳುಕಾಳುಗಳೆಲ್ಲ ಓದಿಬಿಡುತ್ತಾರೆಂದು ಅಲ್ಲಿನ ಸ್ಥಿತಿವಂತರು ಮೂಗು ಮುರಿದರು. ಭಾರತದಲ್ಲಿ 1879ರ ಜುಲೈ ಒಂದರಂದು ಕಾರ್ಡು ಮಾರಾಟಕ್ಕೆ ಬಂದಿತು, ಬೆಲೆ ಕಾಲಾಣೆ. ಅಂದರೆ ಮುಚ್ಚಿದ ಕಾಗದಕ್ಕೆ ಅರ್ಧ ಆಣೆ, ತೆರೆದ ಕಾಗದಕ್ಕೆ ಕಾಲಾಣೆ. ಗುಟ್ಟು ಬೇಕಿದ್ದವನು ಕಾಲಾಣೆ ಹೆಚ್ಚು ಕೊಡಬೇಕು, ಬೇಡದವನು ಕಾಲಾಣೆ ಉಳಿಸಿಕೊಳ್ಳಬಹುದು. ಎಷ್ಟು ಸ್ವಚ್ಛವಾದ ವ್ಯವಹಾರ! ಅಕ್ಷರ ಬಾರದವನಿಗೂ ಅದು ಅರ್ಥವಾಗುತ್ತಿತ್ತು, ಏಕೆಂದರೆ ಕಾಗದದ ಆಕಾರವೇ ಅದನ್ನು ಹೇಳುತ್ತಿತ್ತು. ಒಮ್ಮೆ ಲಕೋಟೆಯಲ್ಲಿ ಹಾಕಿ ಅಂಟಿಸಿದ್ದು ದಾರಿಯಲ್ಲಿ ತಾನಾಗಿ ಕಾರ್ಡಾಗುತ್ತಿರಲಿಲ್ಲ.

ಅಂಚೆ ಪರಮ ಪವಿತ್ರವಾಗಿತ್ತೆಂದು ನಾನು ಹೇಳುತ್ತಿಲ್ಲ. 1898ರ ಅಂಚೆ ಕಾಯಿದೆಯ 26ನೆಯ ಸೆಕ್ಷನ್, ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಹೆಸರಿನಲ್ಲಿ ಕಾಗದಗಳನ್ನು ತಡೆಹಿಡಿಯುವ ಅಧಿಕಾರವನ್ನು ಸರಕಾರಕ್ಕೆ ನೀಡಿತ್ತು. ಅದೇ ಕಾಯಿದೆ, ಕರ್ತವ್ಯ ಮೀರಿ ಕಾಗದ ಬಿಚ್ಚಿದ ಅಂಚೆ ನೌಕರನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ವಿಧಿಸಿತ್ತು. ಸ್ವಾತಂತ್ರ್ಯ ಬಂದ ಮೇಲೂ ಆ ಕಾಯಿದೆ ಉಳಿಯಿತು. 1986ರಲ್ಲಿ ತಡೆಹಿಡಿಯುವ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ತಿದ್ದುಪಡಿ ಮಸೂದೆಯನ್ನು ಸಂಸತ್ತಿನ ಎರಡೂ ಸದನಗಳು ಅಂಗೀಕರಿಸಿದವು. ರಾಷ್ಟ್ರಪತಿ ಜೈಲ್ ಸಿಂಗ್ ಅವರು ಅದಕ್ಕೆ ಒಪ್ಪಿಗೆಯನ್ನೂ ಕೊಡಲಿಲ್ಲ, ಹಿಂದಕ್ಕೂ ಕಳುಹಿಸಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಆ ಮಸೂದೆ ಕಾನೂನಾಗಲೇ ಇಲ್ಲ. 1898ರ ಕಾಯಿದೆಯ ಜಾಗಕ್ಕೆ 2023ರ ಹೊಸ ಅಂಚೆ ಕಾಯಿದೆ 2024ರ ಜೂನ್ ತಿಂಗಳಿನಲ್ಲಿ ಜಾರಿಗೆ ಬಂದಿದೆ. ತಡೆಹಿಡಿಯುವ ಅಧಿಕಾರ ಅದರಲ್ಲಿಯೂ ಮುಂದುವರಿದಿದೆ.

ದೂರವಾಣಿಯ ಕಥೆಯನ್ನು ನಮ್ಮ ರಾಜ್ಯದವರು ಮರೆಯುವಂತಿಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟ್ ತಿಂಗಳಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದರು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ದೂರವಾಣಿಯ ಮಾತುಕತೆ ವ್ಯಕ್ತಿಯ ಖಾಸಗಿ ಬದುಕಿನ ಭಾಗವೆಂದು ಹೇಳಿ, ಕದ್ದಾಲಿಕೆಗೆ ಕಟ್ಟುಪಾಡುಗಳನ್ನು ವಿಧಿಸಿತು. ಇಷ್ಟೂ ಚರಿತ್ರೆಯಲ್ಲಿ ಒಂದು ಸಮಾನ ಅಂಶವಿದೆ: ಅಡ್ಡ ಬಂದವನು ಹೊರಗಿನವನು. ಅವನು ಅರಸನಿರಬಹುದು, ಮಂತ್ರಿಯಿರಬಹುದು. ಸಿಕ್ಕಿಬಿದ್ದರೆ ಅವನು ತಲೆತಗ್ಗಿಸಬೇಕಾಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. ನಿಮ್ಮಲ್ಲಿ ಅನೇಕರು ನನ್ನನ್ನು ಮೊದಲು ಕರೆದೊಯ್ದದ್ದು ಆರ್ಕುಟ್ ಎಂಬ ತಾಣಕ್ಕೆ. 2004ರಲ್ಲಿ ಆರಂಭವಾದ ಅದು ನಮ್ಮ ದೇಶದಲ್ಲಿ ಬಹಳ ಜನಪ್ರಿಯವಾಗಿ, 2014ರ ಸೆಪ್ಟೆಂಬರ್ 30ರಂದು ಮುಚ್ಚಿಹೋಯಿತು. ಅದರಲ್ಲಿ ಒಬ್ಬರಿಗೊಬ್ಬರು ಬರೆಯುತ್ತಿದ್ದ ‘ಸ್ಕ್ರ್ಯಾಪ್’ಗಳು ಮೊದಮೊದಲು ಎಲ್ಲರಿಗೂ ಕಾಣುತ್ತಿದ್ದವು. ಒಂದು ಲೆಕ್ಕದಲ್ಲಿ ಅವು ಅಂಚೆ ಕಾರ್ಡುಗಳೇ. ಆದರೆ ಕಾರ್ಡೆಂದು ಕೈಗೆ ತಿಳಿಯುತ್ತಿರಲಿಲ್ಲ. ಗಣಕಯಂತ್ರದ ಪರದೆಯ ಮೇಲೆ ತೆರೆದ ಕಾಗದಕ್ಕೂ ಮುಚ್ಚಿದ ಕಾಗದಕ್ಕೂ ಒಂದೇ ಆಕಾರ, ಒಂದೇ ಬಿಳಿ ಚೌಕ. ನನ್ನಂಥವರು ಎಡವಿದ್ದು ಇಲ್ಲಿಯೇ.

ಅದೇ 2004ರ ಫೆಬ್ರವರಿಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಫೇಸ್‌ಬುಕ್ ಆರಂಭವಾಯಿತು. ಅದರ ಚರಿತ್ರೆಯ ಕೆಲವು ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ನಾನು ಹೇಳಬೇಕೆಂದಿರುವುದು ತಾನಾಗಿ ಸ್ಪಷ್ಟವಾಗುತ್ತದೆ. 2006ರ ಸೆಪ್ಟೆಂಬರ್ 5ರಂದು ಅದು ‘ನ್ಯೂಸ್ ಫೀಡ್’ ಎಂಬುದನ್ನು ತಂದಿತು. ಅದುವರೆಗೆ ಒಬ್ಬರ ಪುಟದಲ್ಲಿ ಏನಾಗಿದೆಯೆಂದು ತಿಳಿಯಬೇಕಾದರೆ ನಾವೇ ಅವರ ಪುಟಕ್ಕೆ ಹೋಗಬೇಕಿತ್ತು. ಅಂದಿನಿಂದ ಪ್ರತಿಯೊಬ್ಬರ ಸಣ್ಣಪುಟ್ಟ ಬದಲಾವಣೆಯೂ ಸ್ನೇಹಿತರೆಲ್ಲರ ಮುಂದೆ ಡಂಗುರ ಹೊಡೆದಂತೆ ಬಂದು ಬೀಳತೊಡಗಿತು. ಹೊಸದಾಗಿ ಯಾವ ಗುಟ್ಟೂ ರಟ್ಟಾಗಲಿಲ್ಲ, ಮೊದಲೇ ಕಾಣುತ್ತಿದ್ದುದನ್ನೇ ಒಟ್ಟುಗೂಡಿಸಿದ್ದೇವೆ ಎಂದು ಸಂಸ್ಥೆಯ ವಾದ. ಆದರೆ ಮನೆಯ ಅಂಗಳದಲ್ಲಿ ಆಡಿದ ಮಾತು ದಾರಿಹೋಕನ ಕಿವಿಗೆ ಬೀಳುವುದು ಬೇರೆ, ಅದನ್ನೇ ಸಂತೆಯಲ್ಲಿ ಕೂಗಿ ಹೇಳುವುದು ಬೇರೆ. ಲಕ್ಷಾಂತರ ಮಂದಿ ಪ್ರತಿಭಟಿಸಿದರು. ಸ್ಥಾಪಕ ಮಾರ್ಕ್ ಝುಕರ್‌ಬರ್ಗ್ ಕ್ಷಮೆ ಕೇಳಿದರು. ಒಂದಿಷ್ಟು ನಿಯಂತ್ರಣಗಳನ್ನು ಕೊಟ್ಟರು. ಆದರೆ ಫೀಡ್ ಉಳಿಯಿತು.

2007ರ ನವೆಂಬರಿನಲ್ಲಿ ‘ಬೀಕನ್’ ಬಂದಿತು. ಯಾರಾದರೂ ಬೇರೊಂದು ತಾಣದಲ್ಲಿ ಏನನ್ನಾದರೂ ಕೊಂಡರೆ ಆ ಸುದ್ದಿ ಫೇಸ್‌ಬುಕ್ಕಿನಲ್ಲಿ ಅವರ ಸ್ನೇಹಿತರಿಗೆ ಹೋಗುವ ಏರ್ಪಾಡು ಅದು. ಹೆಂಡತಿಗೆ ಅಚ್ಚರಿಯ ಉಡುಗೊರೆಯೆಂದು ಉಂಗುರ ಕೊಂಡ ಒಬ್ಬಾತನ ಸುದ್ದಿ ಹೆಂಡತಿಗೇ ಮೊದಲು ತಲುಪಿತು! ಮೊಕದ್ದಮೆಯಾಗಿ, 95 ಲಕ್ಷ ಡಾಲರ್ ಕೊಡುವ ಒಪ್ಪಂದವಾಗಿ, 2009ರಲ್ಲಿ ಬೀಕನ್ ಮುಚ್ಚಿತು. ಅದೇ ವರ್ಷದ ಡಿಸೆಂಬರಿನಲ್ಲಿ ಖಾಸಗಿತನದ ನಿಯಮಗಳನ್ನೇ ಬದಲಿಸಿ, ಜನ ಮುಚ್ಚಿಟ್ಟುಕೊಂಡಿದ್ದ ಸ್ನೇಹಿತರ ಪಟ್ಟಿಯಂಥ ವಿವರಗಳನ್ನು ಸಾರ್ವಜನಿಕಗೊಳಿಸಲಾಯಿತು. ಅಂಟಿಸಿದ ಲಕೋಟೆ ದಾರಿಯಲ್ಲಿ ಕಾರ್ಡಾಗುವುದಿಲ್ಲವೆಂದು ಮೇಲೆ ಹೇಳಿದೆನಲ್ಲ, ಇಲ್ಲಿ ಅದೂ ಆಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ಇದನ್ನು ಜನರಿಗೆ ಮಾಡಿದ ವಂಚನೆಯೆಂದು ಆರೋಪಿಸಿತು. ಸಂಸ್ಥೆ ರಾಜಿಗೆ ಒಪ್ಪಿತು. ಆ ರಾಜಿಯ ಷರತ್ತುಗಳನ್ನು ಮುರಿದದ್ದಕ್ಕಾಗಿ 2019ರಲ್ಲಿ ವಿಧಿಸಿದ ದಂಡ 500 ಕೋಟಿ ಡಾಲರ್.

ಇದು ಒಂದು ಸಂಸ್ಥೆಯ ದೋಷ ಮಾತ್ರವೆಂದು ತಿಳಿಯಬೇಡಿ. 2010ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆ ‘ಬಝ್’ ಎಂಬುದನ್ನು ತನ್ನ ಮಿಂಚಂಚೆಗೆ ಜೋಡಿಸಿತು. ನಾವು ಯಾರೊಂದಿಗೆ ಹೆಚ್ಚು ಪತ್ರವ್ಯವಹಾರ ಮಾಡುತ್ತೇವೆಯೋ ಅವರನ್ನು ಅದು ತಾನಾಗಿ ಪಟ್ಟಿ ಮಾಡಿತು. ಆ ಪಟ್ಟಿ ಇತರರಿಗೂ ಕಾಣುವಂತಿತ್ತು. ಅಂಚೆಯಣ್ಣ ನಮ್ಮ ಕಾಗದವನ್ನು ಬಿಚ್ಚದೆಯೇ, ‘ಈ ಮನೆಯವರು ಯಾರ್‍ಯಾರಿಗೆ ಕಾಗದ ಬರೆಯುತ್ತಾರೆ’ ಎಂಬ ಪಟ್ಟಿಯನ್ನು ಬೀದಿಯ ಗೋಡೆಗೆ ಅಂಟಿಸಿದರೆ ಹೇಗಿರುತ್ತದೆ? ಜನರ ಆಕ್ರೋಶದಿಂದ ಅದನ್ನು ಬೇಗನೆ ತಿದ್ದಬೇಕಾಯಿತು. ಮರುವರ್ಷ ಬಝ್ ಮುಚ್ಚುವ ನಿರ್ಧಾರವೂ ಆಯಿತು.

ಈ ಎಲ್ಲ ಪ್ರಕರಣಗಳಲ್ಲಿಯೂ ಕೀಲಿಕೈ ಇರುವುದು ವಿನ್ಯಾಸದಲ್ಲಿ. ಒಬ್ಬ ಮೇಷ್ಟರಿಗೆ ಹೊಳೆಯುವ ಹೋಲಿಕೆ ಕೊಡುತ್ತೇನೆ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಹಂಚುವಾಗಲೇ ಪ್ರತಿಯೊಂದು ಪ್ರಶ್ನೆಗೂ ಒಂದು ಉತ್ತರಕ್ಕೆ ಗುರುತು ಹಾಕಿಟ್ಟು, ‘ಬೇಡವಾದವರು ಅಳಿಸಿಕೊಳ್ಳಬಹುದು’ ಎಂದು ಹೇಳಿದರೆ, ಎಷ್ಟು ಮಕ್ಕಳು ಅಳಿಸುತ್ತಾರೆ? ಅಳಿಸುವ ರಬ್ಬರನ್ನು ಮೂರನೆಯ ಕೊಠಡಿಯ ಕಪಾಟಿನಲ್ಲಿ ಇಟ್ಟಿದ್ದರಂತೂ ಕೇಳುವುದೇ ಬೇಡ. ಜಾಲತಾಣಗಳಲ್ಲಿ ‘ಎಲ್ಲರಿಗೂ ತೋರಿಸು’ ಎಂಬುದಕ್ಕೆ ಮೊದಲೇ ಗುರುತು ಹಾಕಿರುತ್ತದೆ. ‘ಒಪ್ಪಿದೆ’ ಎಂಬ ಗುಂಡಿ ದೊಡ್ಡದಾಗಿ, ಬಣ್ಣಬಣ್ಣವಾಗಿ ಎದುರಿಗಿರುತ್ತದೆ. ‘ಬೇಡ’ ಎನ್ನುವುದು ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ. ಇಂಥ ಕುಟಿಲ ವಿನ್ಯಾಸಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ತಜ್ಞರು 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರು ಕೊಟ್ಟರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಅಂದು ನಾನು ಎಡವಿದ್ದು ಕೇವಲ ನನ್ನ ಮುಪ್ಪಿನಿಂದಲ್ಲ ಎಂದು ಇದನ್ನೆಲ್ಲ ಓದಿದಾಗ ಸ್ವಲ್ಪ ಸಮಾಧಾನವಾಯಿತು.

ಏಕೆ ಹೀಗೆ ಎಂಬ ಪ್ರಶ್ನೆಗೆ ಉತ್ತರ ಕಾಲಾಣೆಯಲ್ಲಿಯೇ ಇದೆ. ಅಂಚೆಗೆ ನಾವು ಹಣ ಕೊಟ್ಟೆವು, ಅದು ಕಾಗದ ಒಯ್ದಿತು. ಲೆಕ್ಕ ಅಲ್ಲಿಗೆ ಮುಗಿಯಿತು. ಈ ತಾಣಗಳು ನಮ್ಮಿಂದ ಹಣ ಕೇಳುವುದಿಲ್ಲ. ಅವುಗಳ ಆದಾಯ ಬಹುತೇಕ ಜಾಹೀರಾತಿನಿಂದ. ನಾವು ಯಾರು, ನಮಗೆ ಏನು ಬೇಕು, ಯಾವುದಕ್ಕೆ ಹೆದರುತ್ತೇವೆ ಎಂಬುದು ಎಷ್ಟು ಚೆನ್ನಾಗಿ ತಿಳಿದರೆ ಜಾಹೀರಾತಿಗೆ ಅಷ್ಟು ಬೆಲೆ. ಆದ್ದರಿಂದ ನಾವು ಹೆಚ್ಚು ತೆರೆದುಕೊಂಡಷ್ಟೂ ಅವುಗಳಿಗೆ ಲಾಭ. ಚಿಕ್ಕದೇವರಾಜರ ಅಂಚೆಯ ಹಾಗೆ ಇಲ್ಲಿಯೂ ಒಯ್ಯುವವನೇ ಓದುವವನು. ವ್ಯತ್ಯಾಸವೆಂದರೆ, ಅಂದಿನ ಬೇಹುಗಾರನಿಗೆ ಅರಸರು ಸಂಬಳ ಕೊಡುತ್ತಿದ್ದರು. ಇಂದು ಆ ಕೆಲಸವನ್ನು ನಮ್ಮ ಬಗ್ಗೆ ನಾವೇ ಬಿಟ್ಟಿಯಾಗಿ ಮಾಡುತ್ತಿದ್ದೇವೆ.

ನಮ್ಮ ಬಗ್ಗೆ ಮಾತ್ರವೇ ಆಗಿದ್ದರೆ ಅದು ನಮ್ಮ ಕರ್ಮವೆಂದು ಸುಮ್ಮನಿರಬಹುದಿತ್ತು. 2018ರ ಮಾರ್ಚಿನಲ್ಲಿ ಬಯಲಾದ ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣ ತೋರಿಸಿದ್ದು ಬೇರೆಯೇ. ವ್ಯಕ್ತಿತ್ವ ಪರೀಕ್ಷೆಯ ಒಂದು ಆ್ಯಪನ್ನು ಫೇಸ್‌ಬುಕ್ಕಿನಲ್ಲಿ ಸುಮಾರು 2 ಲಕ್ಷ 70 ಸಾವಿರ ಜನ ಬಳಸಿದರು. ಆಗಿನ ಏರ್ಪಾಡಿನಂತೆ ಅದು ಬಳಸಿದವರ ವಿವರಗಳ ಜೊತೆಗೆ ಅವರ ಸ್ನೇಹಿತರ ವಿವರಗಳನ್ನೂ ಪಡೆಯಬಹುದಾಗಿತ್ತು. ಹೀಗೆ ಸುಮಾರು 8 ಕೋಟಿ 70 ಲಕ್ಷ ಜನರ ಮಾಹಿತಿ ಹೊರಗೆ ಹೋಗಿರಬಹುದೆಂದು ಸಂಸ್ಥೆಯೇ ತಿಳಿಸಿತು. ನಮ್ಮ ದೇಶದ ಲೆಕ್ಕವನ್ನು ಗಮನಿಸಿ: ಆ ಆ್ಯಪನ್ನು ಹಾಕಿಕೊಂಡವರು 335 ಮಂದಿ, ಬಾಧಿತರಾಗಿರಬಹುದಾದವರು 5 ಲಕ್ಷ 62 ಸಾವಿರಕ್ಕೂ ಹೆಚ್ಚು. ಅಂದರೆ ಒಬ್ಬೊಬ್ಬರು ಬಾಗಿಲು ತೆರೆದಾಗ ಸರಾಸರಿ 1,600ಕ್ಕೂ ಹೆಚ್ಚು ಮನೆಗಳ ಬಾಗಿಲು ತೆರೆಯಿತು. ಗುಟ್ಟು ಎಂಬುದು ಒಬ್ಬರದೇ ಅಲ್ಲ. ನನ್ನ ಬೆರಳಿನ ಒಂದು ತಪ್ಪಿನಿಂದ ನನಗೇನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ನನ್ನ ವಿದ್ಯಾರ್ಥಿಗೆ.

‘ವಾಟ್ಸ್‌ಆ್ಯಪ್ ಸುರಕ್ಷಿತವಲ್ಲವೇ ಸಾರ್?’ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. 2016ರ ಏಪ್ರಿಲಿನಿಂದ ಅದರ ಸಂದೇಶಗಳಿಗೆ ಗಟ್ಟಿಯಾದ ಗೂಢಲಿಪಿಯ ಬೀಗವಿದೆ. ಕಳುಹಿಸಿದವರು ಮತ್ತು ಪಡೆದವರ ಹೊರತು ನಡುವಿನ ಸಂಸ್ಥೆಗೂ ಅದನ್ನು ಓದಲಾಗದು. ಇದು ನಿಜವಾಗಿಯೂ ಮೆಚ್ಚಬೇಕಾದದ್ದು. ಆದರೆ ಲಕೋಟೆಯ ಹೊರಮೈ ಇದೆಯಲ್ಲ: ಯಾರು, ಯಾರಿಗೆ, ಯಾವಾಗ? ಅದು ಒಯ್ಯುವವನಿಗೆ ಕಾಣುತ್ತದೆ. 2014ರಲ್ಲಿ ಫೇಸ್‌ಬುಕ್ ಆ ಸಂಸ್ಥೆಯನ್ನು ಕೊಂಡಿತು. 2016ರ ಆಗಸ್ಟಿನಲ್ಲಿ ಬಳಕೆದಾರರ ಫೋನ್ ಸಂಖ್ಯೆಯಂಥ ವಿವರಗಳನ್ನು ಫೇಸ್‌ಬುಕ್ಕಿನೊಂದಿಗೆ ಹಂಚಿಕೊಳ್ಳುವುದಾಗಿ ಹೇಳಿತು. 2021ರ ಜನವರಿಯಲ್ಲಿ, ಹೊಸ ನಿಯಮ ಒಪ್ಪಿದರೆ ಮಾತ್ರ ಮುಂದುವರಿಯಬಹುದೆಂಬ ಸೂಚನೆ ಬಂದಾಗ ನಮ್ಮ ದೇಶದಲ್ಲಿ ದೊಡ್ಡ ಗದ್ದಲವಾಯಿತು. ಈ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾ ಎಂದು ಹೆಸರು ಬದಲಿಸಿಕೊಂಡಿರುವ ಆ ಸಂಸ್ಥೆಗೆ 213 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಸಂಸ್ಥೆ ಅದರ ವಿರುದ್ಧ ಮೇಲ್ಮನವಿಗೆ ಹೋಯಿತು.

ಇಷ್ಟನ್ನೆಲ್ಲ ಹೇಳಿ, ನಮ್ಮ ನಾಡಿನ ಒಬ್ಬ ಹಿರಿಯರನ್ನು ಸ್ಮರಿಸದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನ ಕೆಂಪು ಕಟ್ಟಡ ಅಠಾರ ಕಚೇರಿಯನ್ನು ನೀವೆಲ್ಲ ನೋಡಿದ್ದೀರಿ. ಚಿಕ್ಕದೇವರಾಜರ ಹದಿನೆಂಟು ಚಾವಡಿಗಳನ್ನು ನೆನಪಿಸುವ ಹೆಸರಿನ ಆ ಕಟ್ಟಡದಲ್ಲಿ ಇಂದು ಕರ್ನಾಟಕ ಉಚ್ಚ ನ್ಯಾಯಾಲಯವಿದೆ. ಅದರ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಆ ವಯಸ್ಸಿನಲ್ಲಿ ನಮ್ಮಂಥವರು ಮೊಮ್ಮಕ್ಕಳ ಕೈಯಲ್ಲಿ ಮೊಬೈಲು ಸರಿಪಡಿಸಿಕೊಳ್ಳುವುದರಲ್ಲಿರುತ್ತೇವೆ. ಅವರ ಹೆಸರಿನ ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಸಂವಿಧಾನದತ್ತ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು. ಅಂಚೆಯೇ ಬೇಹುಗಾರಿಕೆಯೂ ಆಗಿದ್ದ ನಾಡಿನಿಂದಲೇ ಈ ಹಕ್ಕನ್ನು ಕೇಳಿದ ಹಿರಿಯರು ಹೊರಟರೆಂಬುದು ನನಗೆ ಹೆಮ್ಮೆಯ ಸಂಗತಿ.

ಆ ತೀರ್ಪಿನ ಬಳಿಕ 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರಬೇಕಿವೆ. ಸರಕಾರದ ಸಂಸ್ಥೆಗಳಿಗೆ ಅದರಲ್ಲಿ ವಿನಾಯಿತಿ ಹೆಚ್ಚಾಯಿತೆಂಬ ಟೀಕೆಯಿದೆ. ಆದರೂ ಅದರಲ್ಲಿ ನನಗೆ ಮೆಚ್ಚುಗೆಯಾದ ಒಂದು ಮಾತಿದೆ. ಒಪ್ಪಿಗೆ ಕೇಳುವ ಒಕ್ಕಣೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದರಲ್ಲಿಯಾದರೂ ಓದುವ ಅವಕಾಶ ನಮಗಿರಬೇಕು. ಅಂದರೆ ಕನ್ನಡದಲ್ಲಿಯೂ. ಸೆರಗಿನಲ್ಲಿ ಕಾಗದ ಮುಚ್ಚಿಟ್ಟುಕೊಂಡು ಬರುತ್ತಿದ್ದ ಆ ತಾಯಂದಿರ ಮೊಮ್ಮಕ್ಕಳಿಗಾದರೂ, ತಾವು ಯಾವುದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇವೆಂದು ತಮ್ಮ ಭಾಷೆಯಲ್ಲಿ ತಿಳಿಯಲಿ.

ಕಾನೂನು ತನ್ನ ಕೆಲಸ ಮಾಡಲಿ. ನಾವು ಮಾಡಬಹುದಾದದ್ದು ಸ್ವಲ್ಪವಿದೆ. ಹಳೆಯ ತರಗತಿಯ ಫೋಟೋ ಸಿಕ್ಕಿತೆಂದು ಸಂಭ್ರಮದಿಂದ ಎಲ್ಲರೆದುರು ಹಾಕುವ ಮೊದಲು ಅದರಲ್ಲಿರುವವರನ್ನು ಒಂದು ಮಾತು ಕೇಳಿ. ಮಗುವಿನ ಅಂಕಪಟ್ಟಿಯನ್ನೋ ಆಸ್ಪತ್ರೆಯ ಚೀಟಿಯನ್ನೋ ಕುಟುಂಬದ ಗುಂಪಿಗೆ ಹಾಕುವ ಮೊದಲು, ಅದು ಯಾರ ಸೊತ್ತು ಎಂದು ಯೋಚಿಸಿ. ಯಾವುದೇ ಖಾಲಿ ಚೌಕದಲ್ಲಿ ಬರೆಯುವಾಗ, ಇದು ಅಂಚೆ ಕಾರ್ಡು ಎಂದೇ ಭಾವಿಸಿ ಬರೆಯಿರಿ. ಅದು ಲಕೋಟೆಯೆಂದು ಆಮೇಲೆ ತಿಳಿದರೆ ನಷ್ಟವೇನೂ ಇಲ್ಲ.

ನನ್ನ ಆ ವಿದ್ಯಾರ್ಥಿ ಇದನ್ನು ಓದಬಹುದು, ಓದದೆಯೂ ಇರಬಹುದು. ಅವರಿಗೆ ಮಾತ್ರ ಹೇಳಬೇಕಾದ ಮಾತುಗಳು ನನ್ನಲ್ಲಿ ಇನ್ನೂ ಇವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲ ಊರಿಗೆ ಬಂದಾಗ ಮನೆಗೆ ಬನ್ನಿ. ಕಾಫಿ ಕುಡಿಯುತ್ತ ಕುಳಿತು ಮಾತನಾಡೋಣ.

ಉಳಿದ ವಿಷಯ ಸಮಕ್ಷಮದಲ್ಲಿ.